ಐಟಿಐ ಕಂಪನಿ ಕೈಗೆ, ಎಲೆಕ್ಟ್ರಿಷಿಯನ್ ಯಾರ ಮನೆಗೆ?

ಬೆಂಗಳೂರಿನಲ್ಲಿ ಐಟಿಐ ಅಂದರೆ ಎರಡು ಅರ್ಥ. ಕೆ.ಆರ್. ಪುರದ ಕಡೆಯವರಿಗೆ ಅದು ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ. ಉಳಿದವರಿಗೆ ಎಸ್ಸೆಸ್ಸೆಲ್ಸಿ ಮುಗಿಸಿದವರು ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಕೆಲಸ ಕಲಿಯಲು ಸೇರುವ ಜಾಗ. ಈಗ ಸುದ್ದಿಯಲ್ಲಿರುವುದು ಈ ಎರಡನೆಯದು.

2025ರ ಅಕ್ಟೋಬರ್ 4ರಂದು ಪ್ರಧಾನಿ ‘ಪಿಎಂ-ಸೇತು’ ಅನ್ನುವ ಯೋಜನೆಗೆ ಚಾಲನೆ ಕೊಟ್ಟರು. ಮೊತ್ತ 60,000 ಕೋಟಿ ರೂಪಾಯಿ. ದೇಶದ 1,000 ಸರ್ಕಾರಿ ಐಟಿಐಗಳನ್ನು ಮೇಲೆತ್ತುವುದು ಗುರಿ. ಅದರಲ್ಲಿ 200 ‘ಹಬ್’, 800 ‘ಸ್ಪೋಕ್’. ಅಂದರೆ ಒಂದು ದೊಡ್ಡ ಐಟಿಐ, ಅದರ ಸುತ್ತ ನಾಲ್ಕು ಚಿಕ್ಕವು. ಒಡೆತನ ಸರ್ಕಾರದ್ದು, ನಡೆಸುವುದರಲ್ಲಿ ಮುಂದಾಳತ್ವ ಉದ್ಯಮದ್ದು. ಈ ಕೊನೆಯ ಸಾಲೇ ಎಲ್ಲ ಗೊಂದಲಕ್ಕೆ ಮೂಲ.

ಒಂದು ಕಡೆ, ‘ಐಟಿಐಗಳನ್ನು ಕಂಪನಿಗಳಿಗೆ ಮಾರಿಬಿಟ್ಟರು’ ಅನ್ನುವ ಮಾತು. ಇನ್ನೊಂದು ಕಡೆ, ‘ಇನ್ನು ಐಟಿಐ ಮಾಡಿದರೆ ಕಂಪನಿಯಲ್ಲೇ ಕೆಲಸ, ಚಿಂತೆಯಿಲ್ಲ’ ಅನ್ನುವ ಮಾತು. ಎರಡೂ ಸರಿಯಲ್ಲ. ಜಾಗ, ಕಟ್ಟಡ ಸರ್ಕಾರದ ಹತ್ತಿರವೇ ಉಳಿಯುತ್ತದೆ, ಆದ್ದರಿಂದ ಇದು ಮಾರಾಟವಲ್ಲ. ಕೆಲಸದ ಗ್ಯಾರಂಟಿಯನ್ನೂ ಯಾರೂ ಬರೆದುಕೊಟ್ಟಿಲ್ಲ. ಹಾಗಾದರೆ ಆಗುತ್ತಿರುವುದು ಏನು? ಎಲೆಕ್ಟ್ರಿಷಿಯನ್ ಟ್ರೇಡ್ ಒಂದನ್ನೇ ಹಿಡಿದು ನೋಡಿದರೆ ಬೇಗ ಅರ್ಥವಾಗುತ್ತದೆ. ಯಾಕೆಂದರೆ ಈ ಕೆಲಸ ಕಾರ್ಖಾನೆಗೂ ಬೇಕು, ಪ್ರತಿ ಮನೆಗೂ ಬೇಕು. ಆ ಎರಡು ಕಡೆಗೂ ಬೇಕಾದ ಮನುಷ್ಯ ಒಬ್ಬನೇ ಅಲ್ಲ ಅನ್ನುವಲ್ಲೇ ಸಮಸ್ಯೆ ಶುರುವಾಗುತ್ತದೆ.

‘ಒಪ್ಪಂದ’ ಅನ್ನುವ ಒಂದೇ ಮಾತು

ಕಂಪನಿ ಮತ್ತು ಐಟಿಐ ‘ಒಪ್ಪಂದ ಮಾಡಿಕೊಂಡವು’ ಅಂತ ಪತ್ರಿಕೆಯಲ್ಲಿ ಬಂದಾಗ ಅದರ ಹಿಂದೆ ಬೇರೆ ಬೇರೆ ಸಂಗತಿಗಳಿರುತ್ತವೆ.

ಮೊದಲನೆಯದು ಕೊಡುಗೆ. ಕಂಪನಿ ಕಾಯ್ದೆ 2013ರ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕೌಶಲ ತರಬೇತಿಯೂ ಆ ಪಟ್ಟಿಯಲ್ಲಿದೆ. ಸ್ವಿಚ್‌ಗೇರ್ ಕಂಪನಿಯೊಂದು ಐಟಿಐಗೆ ಲ್ಯಾಬ್ ಕಟ್ಟಿಕೊಡುತ್ತದೆ, ಗೋಡೆ ತುಂಬ ತನ್ನದೇ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), ಪ್ಯಾನಲ್, ಮೀಟರ್ ಹಾಕಿಸುತ್ತದೆ, ರಿಬ್ಬನ್ ಕತ್ತರಿಸುತ್ತಾರೆ, ಫೋಟೊ ಬರುತ್ತದೆ. ಹುಡುಗರಿಗೆ ಅನುಕೂಲ ಆಗುತ್ತದೆ, ಸುಳ್ಳಲ್ಲ. ಆದರೆ ಕಂಪನಿಗೆ ಅದಾದ ಮೇಲೆ ಹೊಣೆ ಏನೂ ಇರುವುದಿಲ್ಲ.

ಎರಡನೆಯದು ಪಾಲು ತರಬೇತಿ. ಸ್ವಲ್ಪ ಕಾಲ ಐಟಿಐಯಲ್ಲಿ, ಸ್ವಲ್ಪ ಕಾಲ ಕಾರ್ಖಾನೆಯಲ್ಲಿ. 2016ರಲ್ಲಿ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ ಶುರುಮಾಡಿದ ‘ದ್ವಿ ತರಬೇತಿ ಪದ್ಧತಿ’ ಇದೇ. ಕೋರ್ಸ್ ಮುಗಿದ ಮೇಲೆ ಅಪ್ರೆಂಟಿಸ್ ಆಗಿ ಹೋಗುವುದನ್ನೂ ಇದರ ಜತೆ ಸೇರಿಸಿಕೊಳ್ಳಬಹುದು. ಇಲ್ಲಿ ಕಂಪನಿ ತನ್ನ ಸೂಪರ್‌ವೈಸರ್‌ನ ಸಮಯ ಕೊಡಬೇಕು. ಯಂತ್ರ ಕೊಡುವುದಕ್ಕಿಂತ ಇದು ದುಬಾರಿ.

ಮೂರನೆಯದು ಆಡಳಿತ. ಯಾವ ಕೋರ್ಸ್ ಬೇಕು, ಯಾವ ಯಂತ್ರ ತರಬೇಕು, ಹಣ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಕಂಪನಿಯೂ ಕೂತು ತೀರ್ಮಾನಿಸುವುದು. ಪಿಎಂ-ಸೇತು ಈ ಜಾತಿಯದು.

ಇದಲ್ಲದೆ ನಾಲ್ಕನೆಯದೊಂದಿದೆ, ಅದನ್ನು ಯಾರೂ ತರಬೇತಿ ಅಂತ ಕರೆಯುವುದಿಲ್ಲ. ವೈರ್ ಕಂಪನಿಗಳು, ಸ್ವಿಚ್ ಕಂಪನಿಗಳು ಎಲೆಕ್ಟ್ರಿಷಿಯನ್‌ಗಳಿಗಾಗಿ ನಡೆಸುವ ಪಾಯಿಂಟ್ ಸ್ಕೀಮ್. ವೈರ್ ಕಾಯಿಲ್ ಡಬ್ಬಿಯೊಳಗಿನ ಕೋಡನ್ನು ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪಾಯಿಂಟ್ ಬರುತ್ತದೆ. ಸಂಜೆ ಹೋಟೆಲ್ ಹಾಲ್‌ನಲ್ಲಿ ಮೀಟಿಂಗ್, ಹೊಸ ಮಾಲಿನ ಪರಿಚಯ, ಊಟ, ಒಂದು ಟೂಲ್ ಬ್ಯಾಗ್. ನಗರದ ಅದೆಷ್ಟೋ ಎಲೆಕ್ಟ್ರಿಷಿಯನ್‌ಗಳಿಗೆ ಕೆಲಸ ಹಿಡಿದ ಮೇಲೆ ಸಿಗುವ ‘ಮರುತರಬೇತಿ’ ಅಂದರೆ ಇಷ್ಟೇ. ನಗಬೇಡಿ, ಹೊಸ ಮಾಲನ್ನು ಹೇಗೆ ಜೋಡಿಸಬೇಕು ಅಂತ ಹೇಳಿಕೊಡುವವರು ಬೇರೆ ಯಾರೂ ಇಲ್ಲ.

ಕಾರ್ಖಾನೆಯೇ ಶಾಲೆಯಾಗಿದ್ದ ಊರು

ಕಂಪನಿ ತರಬೇತಿ ಕೊಡುವುದು ಬೆಂಗಳೂರಿಗೆ ಹೊಸ ವಿಷಯವಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆಮೇಲೆ ಬಂದ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಎನ್‌ಜಿಇಎಫ್ ಎಂಬ ಸಾರ್ವಜನಿಕ ಕಾರ್ಖಾನೆಗಳೆಲ್ಲ ಹುಡುಗರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಂಡು ತಾವೇ ತಿದ್ದಿದವು. ಈಗ ಬಾಷ್ ಆಗಿರುವ ಮೈಕೊ, ಆಡುಗೋಡಿಯಲ್ಲಿ 1961ರಲ್ಲೇ ವೃತ್ತಿ ತರಬೇತಿ ಕೇಂದ್ರ ತೆರೆಯಿತು. ರಾಜಾಜಿನಗರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಹುಟ್ಟಿತು. ಬಿಡದಿಯಲ್ಲಿ ಟೊಯೊಟಾ 2007ರಲ್ಲಿ ತನ್ನದೇ ತರಬೇತಿ ಸಂಸ್ಥೆ ಮಾಡಿ, ಹಳ್ಳಿ ಹುಡುಗರಿಗೆ ಊಟ, ಹಾಸ್ಟೆಲ್ ಕೊಟ್ಟು ಕಲಿಸಲು ಶುರುಮಾಡಿತು.

ಸಾರ್ವಜನಿಕ ಕಾರ್ಖಾನೆಗಳ ತರಬೇತಿಯಲ್ಲಿ ಒಂದು ಗುಟ್ಟಿತ್ತು. ಅಲ್ಲಿ ಕೆಲಸಕ್ಕೆ ಸೇರಿದವರು ನಿವೃತ್ತಿವರೆಗೂ ಇರುತ್ತಿದ್ದರು. ಮೂವತ್ತು ವರ್ಷ ನಮ್ಮಲ್ಲೇ ಇರುವವನಿಗೆ ಮೂರು ವರ್ಷ ಕಲಿಸಿದರೆ ನಷ್ಟವಿಲ್ಲ. ಹಾಗಾಗಿ ಮೋಟಾರ್ ವೈಂಡಿಂಗ್‌ನಿಂದ ಹಿಡಿದು ಡ್ರಾಯಿಂಗ್ ಓದುವವರೆಗೆ ಎಲ್ಲವನ್ನೂ ಕಲಿಸುತ್ತಿದ್ದರು. ಕೆಲವರು ಸಂಜೆ, ರಜಾ ದಿನ ಬಡಾವಣೆಗಳಲ್ಲಿ ಮನೆ ವೈರಿಂಗ್ ಮಾಡಿಕೊಡುತ್ತಿದ್ದರು. ಕಾರ್ಖಾನೆಯ ಖರ್ಚಿನಲ್ಲಿ ಕಲಿತ ಕೈಯ ಲಾಭ ಊರಿಗೂ ಸಿಗುತ್ತಿತ್ತು.

ಆ ಕಾಲ ಮುಗಿಯಿತು. ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಎಚ್‌ಎಂಟಿ ಸೊರಗಿತು. ಈಗ ಅಂಥ ಕೆಲವು ಹೆಸರುಗಳು ಹೆಚ್ಚಾಗಿ ಕಣ್ಣಿಗೆ ಬೀಳುವುದು ಲೇಔಟ್ ಬೋರ್ಡ್‌ಗಳ ಮೇಲೆ. ಕಾರ್ಖಾನೆಗಳು ಪೀಣ್ಯದ ಸಣ್ಣ ಶೆಡ್‌ಗಳಿಗೆ, ಬೊಮ್ಮಸಂದ್ರ, ಜಿಗಣಿ, ನೆಲಮಂಗಲ, ದೇವನಹಳ್ಳಿಗೆ ಹರಡಿದವು. ಕಾಯಂ ನೌಕರಿ ಕಡಿಮೆಯಾಗಿ ಗುತ್ತಿಗೆ ಜಾಸ್ತಿಯಾಯಿತು. ಎರಡು ವರ್ಷ ಇರುತ್ತಾನೋ ಇಲ್ಲವೋ ಗೊತ್ತಿಲ್ಲದವನಿಗೆ ಯಾವ ಮಾಲೀಕ ಮೂರು ವರ್ಷ ಕಲಿಸುತ್ತಾನೆ? ಹೀಗೆ ತರಬೇತಿಯ ಹೊರೆ ಐಟಿಐಗಳ ಮೇಲೆ ಬಿತ್ತು. ಆದರೆ ಅವುಗಳ ಹತ್ತಿರ ಹೊಸ ಯಂತ್ರ ಇರಲಿಲ್ಲ.

ಗಂಟೆಗಳ ಲೆಕ್ಕ

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಎರಡು ವರ್ಷ. ಒಂದು ಬ್ಯಾಚ್‌ಗೆ 20 ಜನ. ಈಗಿನ ಪಠ್ಯಕ್ರಮದಲ್ಲಿ ವರ್ಷಕ್ಕೆ 1,200 ಗಂಟೆ. ಅದರಲ್ಲಿ 840 ಗಂಟೆ ಪ್ರಾಕ್ಟಿಕಲ್. ಉಳಿದದ್ದು ಥಿಯರಿ ಮತ್ತು ಉದ್ಯೋಗ ಕೌಶಲ. ಇದರ ಮೇಲೆ ವರ್ಷಕ್ಕೆ 150 ಗಂಟೆ ಹತ್ತಿರದ ಉದ್ಯಮದಲ್ಲಿ ಕೆಲಸ ಕಲಿಯಬೇಕು. ದಿನಕ್ಕೆ ಎಂಟು ಗಂಟೆ ಅಂತ ಹಿಡಿದರೆ ಸುಮಾರು 19 ದಿನ.

ಆ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲಿದೆ. ಹತ್ತಿರ ಉದ್ಯಮ ಇಲ್ಲದಿದ್ದರೆ ಅದರ ಬದಲು ಗುಂಪು ಪ್ರಾಜೆಕ್ಟ್ ಮಾಡಬಹುದು. ಪೀಣ್ಯದ ಪಕ್ಕದ ಐಟಿಐಗೂ ದೂರದ ತಾಲ್ಲೂಕಿನ ಐಟಿಐಗೂ ಇರುವ ಅಂತರ ಪೂರ್ತಿ ಈ ಒಂದು ಸಾಲಿನಲ್ಲಿದೆ. ಇಬ್ಬರಿಗೂ ಕೊನೆಗೆ ಸಿಗುವ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್ ಮಾತ್ರ ಒಂದೇ. ಒಬ್ಬ 19 ದಿನ, ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರದ ಪ್ಯಾನಲ್ ತೆಗೆದು ನೋಡಿರುತ್ತಾನೆ. ಇನ್ನೊಬ್ಬ ಥರ್ಮೋಕೋಲ್ ಮೇಲೆ ಎಲ್‌ಇಡಿ ಉರಿಸಿರುತ್ತಾನೆ.

840 ಗಂಟೆ ಪ್ರಾಕ್ಟಿಕಲ್ ಅಂದರೆ ಕಡಿಮೆಯೇನಲ್ಲ. ಅದನ್ನು ಮಾಡಲು ಮೂರು ಬೇಕು: ಯಂತ್ರ, ಖರ್ಚಾಗುವ ಸಾಮಾನು, ಕಲಿಸುವವರು. ಒಪ್ಪಂದಗಳ ಸುದ್ದಿಯಲ್ಲಿ ಬರುವುದು ಮೊದಲನೆಯದು ಮಾತ್ರ. ಖರ್ಚಾಗುವ ಸಾಮಾನಿನ ವಿಷಯ ಯಾರಿಗೂ ಬೇಡ. ಪೈಪ್ ಒಳಗೆ ವೈರ್ ಎಳೆದು, ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿದಾಗ ವೈರ್ ತುಂಡಾಗುತ್ತಾ ಹೋಗುತ್ತದೆ, ಅದು ಕಸವಾಗಲೇಬೇಕು. ವೈರ್ ಉಳಿಸಬೇಕು ಅಂದರೆ ಹುಡುಗರು ನಿಂತು ನೋಡಬೇಕು. ನಿಂತು ನೋಡಿ ಸೈಕಲ್ ಕಲಿತವರು ಯಾರಾದರೂ ಇದ್ದಾರಾ?

ಕಲಿಸುವವರ ಕಥೆ ಇನ್ನೂ ಬಿಗಿ. ಖಾಲಿ ಹುದ್ದೆಗೆ ಅತಿಥಿ ಬೋಧಕರನ್ನು ಹಾಕಿ ನಡೆಸುವುದು ಸರ್ಕಾರಿ ಐಟಿಐಗಳಲ್ಲಿ ಹಳೆಯ ರೂಢಿ. ಪಿಎಲ್‌ಸಿ, ಅಂದರೆ ಕಾರ್ಖಾನೆಯ ಯಂತ್ರ ನಡೆಸುವ ಚಿಕ್ಕ ಕಂಪ್ಯೂಟರ್, ಬಂದ ಕಾಲಕ್ಕೆ ಮೊದಲೇ ಕೆಲಸಕ್ಕೆ ಸೇರಿದ ಬೋಧಕರೂ ಇದ್ದಾರೆ. ಕಂಪನಿ ಪಿಎಲ್‌ಸಿ ಕಿಟ್ ಕೊಟ್ಟು, ಎರಡು ದಿನ ಟ್ರೇನಿಂಗ್ ಕೊಟ್ಟು ಹೋಗುತ್ತದೆ. ಆ ಬೋಧಕರಿಗೆ ವರ್ಗವಾದರೆ ಕಿಟ್ ಬೀರುವಿನಲ್ಲಿ ಉಳಿಯುತ್ತದೆ. ಅದರ ಸಾಫ್ಟ್‌ವೇರ್ ಲೈಸೆನ್ಸ್ ಮುಗಿದರೆ ಹೊಸದಕ್ಕೆ ದುಡ್ಡು ಯಾರು ಕೊಡಬೇಕು ಅನ್ನುವುದನ್ನೂ ಒಪ್ಪಂದದಲ್ಲೇ ಬರೆದಿರಬೇಕು.

ಒಂದು ಆರ್‌ಸಿಸಿಬಿಯ ಕಥೆ

ಕಾರ್ಖಾನೆಯ ಎಲೆಕ್ಟ್ರಿಷಿಯನ್ ಬೇರೆ, ಮನೆಯ ಎಲೆಕ್ಟ್ರಿಷಿಯನ್ ಬೇರೆ ಅಂದೆವಲ್ಲ, ಅದನ್ನು ಹತ್ತಿರದಿಂದ ನೋಡೋಣ.

ಹೊಸ ಮನೆಗಳ ಡಿಬಿಯಲ್ಲಿ, ಅಂದರೆ ಎಲ್ಲ ಸರ್ಕ್ಯೂಟ್‌ಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ, ಎಂಸಿಬಿಗಳ ಪಕ್ಕ ಅಗಲವಾದ ಒಂದು ಸ್ವಿಚ್ ಇರುತ್ತದೆ. ಅದರ ಮೇಲೆ ಟೆಸ್ಟ್ ಅಂತ ಬರೆದ ಚಿಕ್ಕ ಬಟನ್. ಅದೇ ಆರ್‌ಸಿಸಿಬಿ. ಅದರ ಕೆಲಸ ಸರಳ: ಫೇಸ್‌ನಲ್ಲಿ ಎಷ್ಟು ಕರೆಂಟ್ ಹೋಯಿತೋ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ನೋಡುವುದು. 5 ಆಂಪಿಯರ್ ಹೋಗಿ 5 ಆಂಪಿಯರ್ ಬಂದರೆ ಸುಮ್ಮನಿರುತ್ತದೆ. ಕಡಿಮೆ ಬಂದರೆ ಉಳಿದದ್ದು ಬೇರೆ ಎಲ್ಲೋ ಹರಿಯುತ್ತಿದೆ ಅಂತ ಅರ್ಥ. ಗೀಸರ್‌ನ ಮೈಗೆ ಇರಬಹುದು, ಒದ್ದೆ ಗೋಡೆಗೆ ಇರಬಹುದು, ಮನುಷ್ಯನ ಮೈ ಮೂಲಕ ನೆಲಕ್ಕೂ ಇರಬಹುದು. ಮನೆಗೆ ಹಾಕುವುದು 30 ಮಿಲಿ ಆಂಪಿಯರ್‌ನದು. ವ್ಯತ್ಯಾಸ ಅಷ್ಟಾಗುವ ಹೊತ್ತಿಗೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಿತ್ತುಬಿಡುತ್ತದೆ. ಎಂಸಿಬಿಗೆ ಈ ಕೆಲಸ ಬರುವುದಿಲ್ಲ. ಅದು ವೈರ್ ಸುಡದಂತೆ ಕಾಯುತ್ತದೆ, ಜೀವ ಕಾಯುವುದು ಆರ್‌ಸಿಸಿಬಿ.

ಈಗ ಇದನ್ನು ಹಳೆಯ ಮನೆಗೆ ಹಾಕಿ ನೋಡಿ. ಮೆಟ್ಟಿಲ ಲೈಟ್‌ಗೆ ಫೇಸ್ ಕೆಳಗಿನ ಮನೆ ಸರ್ಕ್ಯೂಟ್‌ನಿಂದ ಬಂದಿರುತ್ತದೆ, ನ್ಯೂಟ್ರಲ್ ಮಾತ್ರ ಯಾವತ್ತೋ ಯಾರೋ ಹತ್ತಿರ ಸಿಕ್ಕಿತು ಅಂತ ಮೇಲಿನ ಮನೆಯದಕ್ಕೆ ಸೇರಿಸಿರುತ್ತಾರೆ. ನಲವತ್ತು ವರ್ಷ ಲೈಟ್ ಚೆನ್ನಾಗಿಯೇ ಉರಿದಿದೆ. ಆರ್‌ಸಿಸಿಬಿ ಹಾಕಿದ ದಿನ ಆ ಲೈಟ್ ಹಾಕಿದರೆ ಟಪ್ ಅಂತ ಟ್ರಿಪ್. ಹೋದ ಕರೆಂಟ್ ತನ್ನ ದಾರಿಯಲ್ಲಿ ವಾಪಸ್ ಬರಲಿಲ್ಲವಲ್ಲ, ಅದಕ್ಕೆ. ಯಾರಿಗೂ ಶಾಕ್ ಹೊಡೆದಿಲ್ಲ, ಆದರೂ ಟ್ರಿಪ್.

ಗೊತ್ತಿರುವವರು ಏನು ಮಾಡುತ್ತಾರೆ? ಡಿಬಿಯಲ್ಲಿ ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಚ್ಚಿ, ಯಾವುದು ಯಾವ ಸರ್ಕ್ಯೂಟ್‌ನದು ಅಂತ ಬೇರ್ಪಡಿಸಿ, ವೈರ್‌ನ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಾಕಿ ನೋಡಿ, ಸೇರಿಕೊಂಡದ್ದನ್ನು ಹುಡುಕುತ್ತಾರೆ. ಅರ್ಧ ದಿನದ ಕೆಲಸ. ಗೊತ್ತಿಲ್ಲದವರು ‘ಇದು ಡಿಫೆಕ್ಟ್ ಪೀಸು ಸಾರ್’ ಅಂತ ಅದನ್ನು ಬೈಪಾಸ್ ಮಾಡಿ ಹೋಗುತ್ತಾರೆ. ಸ್ವಿಚ್ ಡಿಬಿಯಲ್ಲೇ ಇರುತ್ತದೆ, ಕೆಲಸಕ್ಕೆ ಇಲ್ಲ. ಮನೆಯವರಿಗೆ ತಿಳಿಯುವುದೂ ಇಲ್ಲ. ತಪ್ಪು ಪೂರ್ತಿ ಆ ಎಲೆಕ್ಟ್ರಿಷಿಯನ್‌ದು ಅಂತಲೂ ಹೇಳಲಾಗದು. ವೈರಿಂಗ್ ಕೂಲಿ ನಿಂತಿರುವುದು ‘ಪಾಯಿಂಟ್‌ಗೆ ಇಷ್ಟು’, ಅಂದರೆ ಒಂದೊಂದು ಲೈಟ್, ಫ್ಯಾನ್, ಪ್ಲಗ್ ಜಾಗಕ್ಕೆ ಇಷ್ಟು ಅನ್ನುವ ಲೆಕ್ಕದ ಮೇಲೆ. ತಪ್ಪು ಹುಡುಕುವ ಅರ್ಧ ದಿನ ಯಾವ ಪಾಯಿಂಟ್‌ಗೂ ಸೇರುವುದಿಲ್ಲ.

ಕಾರ್ಖಾನೆಯಲ್ಲಿ ಈ ತೊಂದರೆ ಅಪರೂಪ. ಅಲ್ಲಿ ಪ್ಯಾನಲ್‌ನ ಪ್ರತಿ ವೈರ್‌ಗೂ ನಂಬರ್ ಇರುತ್ತದೆ, ಕೈಯಲ್ಲಿ ಡ್ರಾಯಿಂಗ್ ಇರುತ್ತದೆ. ಅಲ್ಲಿ ಬೇಕಾದದ್ದು ಮೋಟಾರ್ ಶುರುಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರ್, ಅದರ ವೇಗ ಹಿಡಿತದಲ್ಲಿಡುವ ಡ್ರೈವ್, ಸೆನ್ಸರ್, ಪಿಎಲ್‌ಸಿ. ಉತ್ಪಾದನಾ ಲೈನ್ ಒಂದು ಗಂಟೆ ನಿಂತರೆ ಎಷ್ಟು ನಷ್ಟ ಅಂತ ಮ್ಯಾನೇಜರ್‌ಗೆ ಗೊತ್ತು. ಆದ್ದರಿಂದ ತಪ್ಪು ಹುಡುಕುವ ಕೈಗೆ ಅಲ್ಲಿ ಬೆಲೆ ಇದೆ.

ಪಠ್ಯಕ್ರಮ ತೀರ್ಮಾನಿಸುವ ಮೇಜಿನ ಮುಂದೆ ಕಾರ್ಖಾನೆ ಕೂತರೆ ಏನು ಕೇಳುತ್ತದೆ? ಪಿಎಲ್‌ಸಿ ಕೇಳುತ್ತದೆ. ಕೇಳಲೇಬೇಕು, ಅದು ಅದರ ಅಗತ್ಯ. ಹಳೆಯ ಮನೆಯ ಕದ್ದ ನ್ಯೂಟ್ರಲ್ ಪರವಾಗಿ ಮಾತಾಡುವವರು ಆ ಮೇಜಿನ ಮುಂದೆ ಯಾರೂ ಇಲ್ಲ. ಮಲ್ಲೇಶ್ವರದ, ಬಸವನಗುಡಿಯ, ಚಾಮರಾಜಪೇಟೆಯ ಮನೆ ಮಾಲೀಕರಿಗೆ ಕೈಗಾರಿಕಾ ಸಂಘ ಇಲ್ಲ ನೋಡಿ.

ಯಾರ ವಾದ ಏನು

ಉದ್ಯಮದವರ ಮಾತು ಇದು: ಸರ್ಕಾರಿ ಪಠ್ಯ ಬದಲಾಗುವ ಹೊತ್ತಿಗೆ ಯಂತ್ರ ಎರಡು ತಲೆಮಾರು ಮುಂದೆ ಹೋಗಿರುತ್ತದೆ. ಐಟಿಐನಿಂದ ಬಂದವರಿಗೆ ನಾವು ಮತ್ತೆ ಆರು ತಿಂಗಳು ಕಲಿಸಬೇಕು. ಕಲಿಸಿದ ಮೇಲೆ ಪಕ್ಕದ ಕಂಪನಿ ಎರಡು ಸಾವಿರ ಜಾಸ್ತಿ ಕೊಟ್ಟು ಕರೆದುಕೊಳ್ಳುತ್ತದೆ. ಈ ಕೊನೆಯ ದೂರಿನಲ್ಲಿ ಸತ್ಯವಿದೆ. ಅದರ ಪರಿಣಾಮವನ್ನು ಮಾತ್ರ ಅವರು ಪೂರ್ತಿ ಹೇಳುವುದಿಲ್ಲ. ಕಲಿತವರು ಬಿಟ್ಟುಹೋಗುತ್ತಾರೆ ಅನ್ನುವ ಭಯ ಇದ್ದರೆ, ಎಲ್ಲೆಡೆ ನಡೆಯುವ ವಿದ್ಯೆಯನ್ನು ಕಂಪನಿ ಕಲಿಸುವುದಿಲ್ಲ. ತನ್ನಲ್ಲಿ ಮಾತ್ರ ನಡೆಯುವುದನ್ನು ಕಲಿಸುತ್ತದೆ. ತನ್ನ ಯಂತ್ರ, ತನ್ನ ಬ್ರ್ಯಾಂಡ್, ತನ್ನ ಲೈನ್. ಇದರಲ್ಲಿ ದುರುದ್ದೇಶ ಹುಡುಕಬೇಕಿಲ್ಲ. ಲೆಕ್ಕವೇ ಆ ಕಡೆ ತಳ್ಳುತ್ತದೆ.

ಕಾರ್ಮಿಕ ಸಂಘಗಳ ಅನುಮಾನ ಬೇರೆ. ಅಪ್ರೆಂಟಿಸ್ ಕಾಯ್ದೆ 1961ರ ಪ್ರಕಾರ ಅಪ್ರೆಂಟಿಸ್ ಅಂದರೆ ಕಲಿಯುವವನು, ಕಾರ್ಮಿಕ ಅಲ್ಲ. 30 ಅಥವಾ ಹೆಚ್ಚು ಜನ ಇರುವ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಅವರಿಗೆ ಸಿಗುವುದು ಸಂಬಳ ಅಲ್ಲ, ಸ್ಟೈಪೆಂಡ್. ಓದಿಗೆ ತಕ್ಕಂತೆ ಕನಿಷ್ಠ 5,000ದಿಂದ 9,000 ರೂಪಾಯಿ ಇದ್ದದ್ದನ್ನು 6,800ರಿಂದ 12,300ಕ್ಕೆ ಏರಿಸಬೇಕು ಅಂತ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಯೋಜನೆಯಲ್ಲಿ ಕೇಂದ್ರ ಸರ್ಕಾರವೇ ಶೇ 25ರಷ್ಟು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಭರಿಸುತ್ತದೆ. ಕಾಯಂ ಕೆಲಸಗಾರರ ಜಾಗದಲ್ಲಿ ವರ್ಷ ವರ್ಷ ಹೊಸ ಅಪ್ರೆಂಟಿಸ್‌ಗಳನ್ನು ನಿಲ್ಲಿಸಿದರೆ ಕಂಪನಿಗೆ ಲಾಭ ಅಲ್ವಾ ಅನ್ನುವುದು ಸಂಘಗಳ ಪ್ರಶ್ನೆ. ತರಬೇತಿ ಮುಗಿದವರನ್ನು ಕೆಲಸಕ್ಕೆ ತೆಗೆದುಕೊಳ್ಳಲೇಬೇಕು ಅಂತ ಕಾಯ್ದೆ ಹೇಳುವುದಿಲ್ಲ. ನೇಮಕದ ನೀತಿಯನ್ನು ಕಂಪನಿಯೇ ಮಾಡಿಕೊಳ್ಳಬೇಕು ಅಂತ 2014ರ ತಿದ್ದುಪಡಿ ಹೇಳುತ್ತದೆ. ‘ಕೆಲಸ ಗ್ಯಾರಂಟಿ’ ಅಂದುಕೊಂಡ ಅಪ್ಪ ಅಮ್ಮಂದಿರು ಓದಬೇಕಾದ ಸಾಲು ಇದು.

ಪೀಣ್ಯದ ಸಣ್ಣ ಕೈಗಾರಿಕೆಗಳ ಪಾಡು ಇವೆರಡರ ನಡುವೆ. ಹನ್ನೆರಡು ಜನರ ಶೆಡ್‌ಗೆ ಕಾಯ್ದೆಯ ಕಡ್ಡಾಯ ಇಲ್ಲ. ಕಲಿಸುವ ಮನಸ್ಸಿದ್ದರೂ ಹುಡುಗನ ಪಕ್ಕ ನಿಲ್ಲಿಸಲು ಒಬ್ಬ ಸೀನಿಯರ್ ಇಲ್ಲ. ಹಾಗಾಗಿ ಒಪ್ಪಂದಗಳೆಲ್ಲ ದೊಡ್ಡ ಕಂಪನಿಗಳ ಜತೆಗೇ ಆಗುತ್ತವೆ, ಹುಡುಗರು ಕೊನೆಗೆ ಕೆಲಸಕ್ಕೆ ಸೇರುವುದು ಹೆಚ್ಚಾಗಿ ಸಣ್ಣ ಕಡೆ.

ಹಿಂದಿನ ಎರಡು ಪ್ರಯತ್ನ

ಇದು ಮೊದಲ ಸಲವೇನಲ್ಲ. 2007-08ರಲ್ಲಿ ಕೇಂದ್ರ ಸರ್ಕಾರ 1,396 ಸರ್ಕಾರಿ ಐಟಿಐಗಳನ್ನು ಖಾಸಗಿ ಸಹಭಾಗಿತ್ವಕ್ಕೆ ತೆಗೆದುಕೊಂಡಿತು. ಪ್ರತಿ ಐಟಿಐಗೂ ಒಂದು ನಿರ್ವಹಣಾ ಸಮಿತಿ, ಉದ್ಯಮಿಯೊಬ್ಬರು ಅಧ್ಯಕ್ಷರು, 2.5 ಕೋಟಿ ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ. ಸಾಲ ಸಮಿತಿಗೆ, ಹಣ ಸರ್ಕಾರದ್ದು, ಉದ್ಯಮಿ ತನ್ನ ಜೇಬಿನಿಂದ ಹಾಕಲೇಬೇಕಾದ್ದು ಏನೂ ಇಲ್ಲ. ಸ್ವಂತ ದುಡ್ಡು ಇಲ್ಲದ ಕಡೆ ಮೀಟಿಂಗ್‌ಗೆ ಬರುವ ಅವಸರ ಯಾರಿಗಿರುತ್ತದೆ?

ಎರಡನೆಯದು ನಮ್ಮದೇ. 2022ರ ಜೂನ್ 20ರಂದು ಬೆಂಗಳೂರಿನಲ್ಲಿ ಪ್ರಧಾನಿ, ರಾಜ್ಯದ 150 ಐಟಿಐಗಳನ್ನು ಬದಲಾಯಿಸಿ ಮಾಡಿದ ‘ಟೆಕ್ನಾಲಜಿ ಹಬ್’ಗಳನ್ನು ಉದ್ಘಾಟಿಸಿದರು. ವೆಚ್ಚ 4,700 ಕೋಟಿ ರೂಪಾಯಿಗೂ ಹೆಚ್ಚು. ಟಾಟಾ ಟೆಕ್ನಾಲಜೀಸ್ ಮುಂದಾಳತ್ವದಲ್ಲಿ ಹಲವು ಕಂಪನಿಗಳು ಸೇರಿದ್ದವು. ರೋಬಾಟ್, ಸಿಎನ್‌ಸಿ, ಎಲೆಕ್ಟ್ರಿಕ್ ವಾಹನ ಅಂತ ಹೊಸ ಕೋರ್ಸ್‌ಗಳು ಬಂದವು. 2007ರ ಯೋಜನೆಗೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ, ಕಂಪನಿ ಕಡೆಯಿಂದಲೂ ಬಂಡವಾಳ ಬಂತು. ಆದರೆ ನಾಲ್ಕನೇ ಪೀಳಿಗೆಯ ಉದ್ಯಮಕ್ಕೆ ಜನ ತಯಾರು ಮಾಡುವುದು ಅದರ ಗುರಿ. ಊರಿಗೆ ವೈರಿಂಗ್ ಮಾಡುವವರು ಆ ಚಿತ್ರದಲ್ಲಿ ಇರಲಿಲ್ಲ.

ಪಿಎಂ-ಸೇತು ಈ ಎರಡರಿಂದಲೂ ಒಂದು ಪಾಠ ಕಲಿತಂತಿದೆ. 60,000 ಕೋಟಿಯಲ್ಲಿ ಕೇಂದ್ರದ ಪಾಲು 30,000, ರಾಜ್ಯಗಳದ್ದು 20,000, ಉದ್ಯಮದ್ದು 10,000 ಕೋಟಿ. ಅಂದರೆ ಆರರಲ್ಲಿ ಒಂದು ಭಾಗ ಕಂಪನಿಗಳ ದುಡ್ಡು. ಮೇಜಿನ ಮುಂದೆ ಕೂರಲು ಈಗ ಕಾರಣವಿದೆ. ಅದರ ಇನ್ನೊಂದು ಮುಖವೂ ಇದೆ. ದುಡ್ಡು ಹಾಕಿದವರು ತಮಗೆ ಬೇಕಾದ್ದನ್ನು ಕೇಳುತ್ತಾರೆ. ಆರರಲ್ಲಿ ಐದು ಭಾಗ ಹಾಕಿದ ಜನರ ಪರವಾಗಿ ಏನು ಕೇಳಬೇಕು ಅನ್ನುವುದನ್ನು ಸರ್ಕಾರ ಅಷ್ಟೇ ಗಟ್ಟಿಯಾಗಿ ಕೇಳಬೇಕಲ್ಲವೇ?

ಜರ್ಮನಿಯಲ್ಲಿ ಪರೀಕ್ಷೆ ಮಾಡುವವರು ಯಾರು

ಇಂಥ ಯೋಜನೆ ಬಂದಾಗಲೆಲ್ಲ ಜರ್ಮನಿಯ ಹೆಸರು ಬರುತ್ತದೆ. ಅಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮೂರೂವರೆ ವರ್ಷ. ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ, ಉಳಿದದ್ದು ವೃತ್ತಿ ಶಾಲೆಯಲ್ಲಿ. ನಮ್ಮಲ್ಲಿ ಈ ಅರ್ಧವನ್ನು ಎಲ್ಲರೂ ಹೇಳುತ್ತಾರೆ.

ಹೇಳದೆ ಬಿಡುವ ಅರ್ಧ ಪರೀಕ್ಷೆಯದು. ಅಲ್ಲಿ ಕೊನೆಯ ಪರೀಕ್ಷೆ ಮಾಡುವುದು ಕಲಿಸಿದ ಕಂಪನಿಯೂ ಅಲ್ಲ, ಶಾಲೆಯೂ ಅಲ್ಲ. ವಾಣಿಜ್ಯ ಅಥವಾ ಕುಶಲಕರ್ಮಿಗಳ ಮಂಡಳಿ. ಪರೀಕ್ಷಕರ ಸಮಿತಿಯಲ್ಲಿ ಮಾಲೀಕರ ಕಡೆಯವರು, ಕೆಲಸಗಾರರ ಕಡೆಯವರು, ಶಿಕ್ಷಕರು ಮೂವರೂ ಇರುತ್ತಾರೆ. ಆದ್ದರಿಂದ ಕಂಪನಿ ತನ್ನ ಬ್ರ್ಯಾಂಡ್ ಮಾತ್ರ ಕಲಿಸಿದರೆ ಹುಡುಗ ಫೇಲ್. ಫೇಲ್ ಆದರೆ ಕಂಪನಿಯ ಹೆಸರು ಹಾಳು. ಕಲಿಸುವವರನ್ನು ಸರಿದಾರಿಯಲ್ಲಿ ಇಡುವುದು ಈ ಪರೀಕ್ಷೆ.

ಸರ್ಟಿಫಿಕೇಟ್ ಬೇರೆ, ಪರ್ಮಿಟ್ ಬೇರೆ

ನಮ್ಮಲ್ಲಿ ಇದಕ್ಕೆ ಹತ್ತಿರವಾದ ಒಂದು ವ್ಯವಸ್ಥೆ ಈಗಾಗಲೇ ಇದೆ, ಆದರೆ ಐಟಿಐ ಚರ್ಚೆಯಲ್ಲಿ ಅದರ ಮಾತೇ ಬರುವುದಿಲ್ಲ. ಐಟಿಐ ಪಾಸಾದ ಮಾತ್ರಕ್ಕೆ ಕಾನೂನಿನ ಪ್ರಕಾರ ಮನೆ ವೈರಿಂಗ್ ಮಾಡುವ ಹಕ್ಕು ಬರುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದ ಪ್ರಕಾರ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸ ಬಿಟ್ಟು ಉಳಿದದ್ದನ್ನು ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕ, ಅರ್ಹತಾ ಪತ್ರ ಇರುವವರ ಮೇಲ್ವಿಚಾರಣೆಯಲ್ಲಿ, ಪರ್ಮಿಟ್ ಇರುವ ಕೆಲಸಗಾರರೇ ಮಾಡಬೇಕು. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯದ ಕಡೆಯ ಲೈಸೆನ್ಸ್ ವ್ಯವಸ್ಥೆ.

ಕಾಗದದ ಮೇಲೆ ಚೆನ್ನಾಗಿದೆ. ನಡೆಯುವುದು ಬೇರೆ. ಬೆಸ್ಕಾಂಗೆ ಕೊಡುವ ಕಾಗದದಲ್ಲಿ ಸಹಿ ಲೈಸೆನ್ಸ್ ಇರುವವರದು, ಗೋಡೆ ಕೊರೆದು ಪೈಪ್ ಹಾಕಿದ್ದು ಹೆಲ್ಪರ್. ಕಟ್ಟಡ ಕೆಲಸದಲ್ಲಿ ಇದು ಹೊಸ ಮಾತಲ್ಲ. ಆ ಹೆಲ್ಪರ್ ಐಟಿಐ ಮೆಟ್ಟಿಲು ಹತ್ತಿಯೇ ಇಲ್ಲದಿರಬಹುದು. ಐಟಿಐ ಮಾಡಿದವರು ಪರ್ಮಿಟ್ ಮಾಡಿಸಿರುವುದಿಲ್ಲ, ಯಾಕೆಂದರೆ ಕಾರ್ಖಾನೆಯ ಕೆಲಸಕ್ಕೆ ಎಚ್‌ಆರ್‌ನವರು ಅದನ್ನು ಕೇಳುವುದಿಲ್ಲ. ಎರಡು ಗುಂಪು, ನಡುವೆ ಗೋಡೆ.

ಕಂಪನಿ ಒಪ್ಪಂದಗಳು ಈಗಿನ ರೀತಿಯಲ್ಲೇ ಬೆಳೆದರೆ ಈ ಗೋಡೆ ಇನ್ನೂ ದಪ್ಪವಾಗುತ್ತದೆ. ಚೆನ್ನಾಗಿ ಕಲಿತವರು ಬಿಡದಿ, ದೇವನಹಳ್ಳಿಯ ಲೈನ್‌ಗೆ ಹೋಗುತ್ತಾರೆ. ಹೋಗಲಿ, ಅವರಿಗೆ ಒಳ್ಳೆಯದೇ. ಆದರೆ ಇದೇ ಹೊತ್ತಿಗೆ ಮನೆಗಳ ಕರೆಂಟ್ ಕೆಲಸ ಹಿಂದಿಗಿಂತ ಕಷ್ಟವಾಗುತ್ತಿದೆ. 2024ರ ಫೆಬ್ರುವರಿಯಲ್ಲಿ ಬಂದ, ಮನೆ ಮಾಳಿಗೆಗೆ ಸೋಲಾರ್ ಹಾಕಿಸುವ ಪಿಎಂ ಸೂರ್ಯ ಘರ್ ಯೋಜನೆಯ ಗುರಿ ಒಂದು ಕೋಟಿ ಮನೆ, 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಮಾಳಿಗೆಯ ಮೇಲಿನ ಸೋಲಾರ್ ಪ್ಯಾನಲ್‌ನಿಂದ ಬರುವುದು ಡಿಸಿ, ಬ್ಯಾಟರಿಯಂತೆ ಒಂದೇ ದಿಕ್ಕಿನ ಕರೆಂಟ್. ಮೇನ್ ಸ್ವಿಚ್ ಆಫ್ ಮಾಡಿದರೂ ಬಿಸಿಲಿರುವವರೆಗೆ ಆ ವೈರ್‌ನಲ್ಲಿ ವೋಲ್ಟೇಜ್ ಇರುತ್ತದೆ. ಮೇನ್ ಆಫ್ ಮಾಡಿದರೆ ಮುಗಿಯಿತು ಅಂತ ಜೀವನವೆಲ್ಲ ನಂಬಿದ ಕೈಗೆ ಇದನ್ನು ಹೇಳಿಕೊಡಬೇಕು. ಕೆಳಗೆ ಪಾರ್ಕಿಂಗ್‌ನಲ್ಲಿ ಕಾರ್ ಚಾರ್ಜರ್, ಅದು ರಾತ್ರಿಯೆಲ್ಲ ಒಂದೇ ಸಮ ಕರೆಂಟ್ ಎಳೆಯುತ್ತದೆ. ಸಡಿಲವಾದ ಒಂದು ಸ್ಕ್ರೂ ಸಾಕು, ಟರ್ಮಿನಲ್ ಬಿಸಿಯಾಗಿ ಕರಗಲು.

ಯಾವ ಒಪ್ಪಂದ ನಂಬಬಹುದು

ಹೊಸ ಒಪ್ಪಂದದ ಸುದ್ದಿ ಬಂದಾಗ ಕೋಟಿಗಳ ಲೆಕ್ಕಕ್ಕಿಂತ ಬೇರೆ ಕೆಲವನ್ನು ನೋಡಬೇಕು. ಕಂಪನಿ ಕೊಡುವುದು ಯಂತ್ರವಾ, ಮನುಷ್ಯರ ಸಮಯವಾ? 19 ದಿನ ಹುಡುಗರು ಎಲ್ಲಿ ನಿಲ್ಲುತ್ತಾರೆ, ಯಾರ ಪಕ್ಕ ನಿಲ್ಲುತ್ತಾರೆ? ವೈರ್, ಲಗ್, ಸಾಫ್ಟ್‌ವೇರ್‌ಗೆ ಮೂರನೇ ವರ್ಷ ದುಡ್ಡು ಎಲ್ಲಿಂದ? ಹಬ್‌ನಲ್ಲಿ ಇಟ್ಟ ಯಂತ್ರದ ಮೇಲೆ ಸ್ಪೋಕ್ ಐಟಿಐ ಹುಡುಗಿಗೆ ವಾರಕ್ಕೆ ಎಷ್ಟು ಗಂಟೆ, ಅಲ್ಲಿಗೆ ಬಂದುಹೋಗುವ ಬಸ್ ಯಾವುದು? ಇವಕ್ಕೆ ಉತ್ತರ ಇರುವ ಒಪ್ಪಂದ ಚಿಕ್ಕದಾದರೂ ನಡೆಯುತ್ತದೆ.

ಪರ್ಮಿಟ್ ವಿಷಯಕ್ಕಂತೂ ಯಾವ ಕಂಪನಿಗೂ ಕಾಯಬೇಕಿಲ್ಲ. ಐಟಿಐಗಳನ್ನು ನಡೆಸುವ ಇಲಾಖೆಯೂ ರಾಜ್ಯದ್ದೇ, ಪರ್ಮಿಟ್ ಕೊಡುವುದೂ ರಾಜ್ಯವೇ. ಎರಡೂ ಕಡೆಯ ಕಾರ್ಯದರ್ಶಿಗಳು ಕೂರುವುದು ವಿಧಾನಸೌಧದ ಆಸುಪಾಸಿನಲ್ಲೇ. ಎರಡನೇ ವರ್ಷದ ಕೊನೆಯ ಪ್ರಾಕ್ಟಿಕಲ್ ದಿನ ಪರಿವೀಕ್ಷಣಾಲಯದ ಒಬ್ಬ ಅಧಿಕಾರಿಯೂ ಬಂದು ಕೂತು, ಮನೆ ವೈರಿಂಗ್‌ನ ಒಂದು ಪರೀಕ್ಷೆ ಸೇರಿಸಿ, ಪಾಸಾದವರ ಕೈಗೆ ಅಲ್ಲೇ ಪರ್ಮಿಟ್ ಅರ್ಜಿ ಕೊಡಬಹುದು. ಕಂಪನಿ ಏನೇ ಕಲಿಸಿರಲಿ, ಆ ಪರೀಕ್ಷೆ ಇದೆ ಅಂತ ಗೊತ್ತಾದರೆ ಬೋಧಕರು ಅದನ್ನೂ ಕಲಿಸುತ್ತಾರೆ.

ಪರೀಕ್ಷೆಗೆ ಬೇಕಾದ ಬೋರ್ಡ್ ದೊಡ್ಡದೇನಲ್ಲ. ಒಂದು ಪ್ಲೈವುಡ್ ಹಲಗೆ, ಎರಡು ಆರ್‌ಸಿಸಿಬಿ, ಎರಡು ಹೋಲ್ಡರ್, ಎರಡು ಸ್ವಿಚ್. ಒಂದು ದೀಪದ ನ್ಯೂಟ್ರಲ್ಲನ್ನು ಬೇಕಂತಲೇ ಇನ್ನೊಂದು ಸರ್ಕ್ಯೂಟ್‌ಗೆ ಸೇರಿಸಿ, ಹಿಂದೆ ಮುಚ್ಚಳ ಹಾಕಿ, ಯಾಕೆ ಟ್ರಿಪ್ ಆಗುತ್ತಿದೆ ಹುಡುಕು ಅನ್ನಬೇಕು. ಸಾಮಾನೆಲ್ಲ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಒಂದೇ ಅಂಗಡಿಯಲ್ಲಿ ಸಿಗುತ್ತದೆ. ಹಲಗೆಗೆ ಮಾತ್ರ ಪಕ್ಕದ ಬೀದಿಗೆ ಹೋಗಬೇಕಾದೀತು.